ಲಂಗ್ಕಾವಿ ಸ್ಕೈಬ್ರಿಡ್ಜ್: ನಮ್ಮ ಅತ್ತೆ ಪಾಲಿಗೆ ಇದೊಂದು ದೊಡ್ಡ ಕಾಲುಸಂಕ

ಮೊದಲೇ ಹೇಳ್ಬಿಡ್ತೀನಿ, ನನಗೆ ಎತ್ತರ ಅಂದ್ರೆ ಆಗಲ್ಲ. ದಾವಣಗೆರೆ ಕಡೆಯವಳು, ಕಣ್ಣು ಹಾಯೋವರೆಗೂ ಮಟ್ಟಸವಾಗಿರೋ ಗದ್ದೆ ನೋಡ್ಕೊಂಡು ಬೆಳೆದವಳು, ಈಗಲೂ ಮಾಲ್‌ನಲ್ಲಿ ಗಾಜಿನ ಲಿಫ್ಟ್ ಬಂದ್ರೆ ಬಾಗಿಲ ಕಡೆ ಮುಖ ಮಾಡಿ ನಿಂತ್ಕೋತೀನಿ. ಅಂಥವಳು ಮಲೇಷ್ಯಾದ ಲಂಗ್ಕಾವಿಯಲ್ಲಿರೋ ಆ ತೂಗಾಡೋ ಸೇತುವೆ ಮೇಲೆ ಹೋಗಿ ಬಂದು ರಿವ್ಯೂ ಬರೀತಿದೀನಿ ಅಂದ್ರೆ ನಂಬೋದು ಕಷ್ಟ, ಆದ್ರೆ ಫೋಟೋ ಇದೆ. ಫೋಟೋದಲ್ಲಿ ನನ್ನ ಕಣ್ಣು ಮುಚ್ಚಿದೆ, ಅದು ಬೇರೆ ವಿಷ್ಯ.

ನಾವು ನಾಲ್ಕು ಜನ ಹೋಗಿದ್ದು, ನಾನು, ಯಜಮಾನ್ರು, ಹತ್ತು ವರ್ಷದ ಮಗಳು, ಮತ್ತೆ ಅರವತ್ತೊಂಬತ್ತು ವರ್ಷದ ನಮ್ಮತ್ತೆ. ಅತ್ತೆ ತೀರ್ಥಹಳ್ಳಿ ಕಡೆಯವರು. ಈ ರಿವ್ಯೂಗೆ ಅದು ಮುಖ್ಯ, ಮುಂದೆ ಗೊತ್ತಾಗುತ್ತೆ.

2023 ಡಿಸೆಂಬರ್‌ನಿಂದ ಮಲೇಷ್ಯಾಗೆ ನಮ್ಮೋರಿಗೆ ವೀಸಾ ಬೇಡ ಅಂತ ಆದ್ಮೇಲೆ ಬೆಂಗಳೂರಿಂದ ಹೋಗೋರು ಜಾಸ್ತಿ ಆಗಿದಾರೆ, ಕೌಲಾಲಂಪುರಕ್ಕೆ ಸೀದಾ ಫ್ಲೈಟ್ ಇದೆ, ಅಲ್ಲಿಂದ ಲಂಗ್ಕಾವಿಗೆ ಇನ್ನೊಂದು ಒಂದು ಗಂಟೆಯ ಫ್ಲೈಟ್. ಹೋಗೋ ಮುಂಚೆ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಆನ್‌ಲೈನ್ ಫಾರಂ ತುಂಬ್ಬೇಕು, ಮರೀಬೇಡಿ. ಉಳ್ಕೊಂಡಿದ್ದು ಪಂತಾಯ್ ಚೆನಾಂಗ್ ಬೀಚ್ ಹತ್ರ, ಅಲ್ಲಿಂದ ಕೇಬಲ್ ಕಾರ್ ಜಾಗಕ್ಕೆ ಗ್ರ್ಯಾಬ್‌ನಲ್ಲಿ (ನಮ್ಮ ಓಲಾ ಥರ ಆ್ಯಪ್ ಟ್ಯಾಕ್ಸಿ) ಅರ್ಧ ಗಂಟೆ. ಡ್ರೈವರ್ ನಾವು ಇಂಡಿಯಾದವ್ರು ಅಂತ ಗೊತ್ತಾದ ತಕ್ಷಣ "ಶಾರುಖ್ ಖಾನ್, ಬ್ರಿಡ್ಜ್, ಫೈಟಿಂಗ್!" ಅಂತ ಸ್ಟೇರಿಂಗ್ ಬಿಟ್ಟು ಕೈ ಆಡಿಸಿ ತೋರಿಸ್ದ. 2006ರಲ್ಲಿ ಬಂದ ಶಾರುಖ್ ಸಿನಿಮಾ ಒಂದರ ಕ್ಲೈಮ್ಯಾಕ್ಸ್ ಫೈಟ್ ಈ ಸೇತುವೆ ಮೇಲೇ ಶೂಟ್ ಆಗಿದ್ದು. ನನಗೆ ಆ ಫೈಟ್ ನೆನಪಾಗಿ ಹೊಟ್ಟೆಲಿ ಇನ್ನೊಂಚೂರು ತಳಮಳ ಜಾಸ್ತಿ ಆಯ್ತು ಅಷ್ಟೇ.

ಮೊದಲನೇ ದಿನ ಸೇತುವೆ ನೋಡಕ್ಕೇ ಆಗ್ಲಿಲ್ಲ. ನಮ್ಮ ಪ್ಯಾಕೇಜ್ ಮಾಡಿಕೊಟ್ಟ ಏಜೆಂಟ್ (ಹೆಸರು ಬೇಡ, ಬೆಂಗಳೂರಲ್ಲಿ ಇಂಥೋರು ಗಲ್ಲಿಗೆ ಇಬ್ಬರಿದಾರೆ) ಸ್ಕೈಬ್ರಿಡ್ಜ್‌ಗೆ ಮೂರು ಗಂಟೆ, ಆಮೇಲೆ ಈಗಲ್ ಸ್ಕ್ವೇರ್‌ಗೆ ಮುಕ್ಕಾಲು ಗಂಟೆ, ಆಮೇಲೆ ಚಾಕಲೇಟ್ ಅಂಗಡಿ ಅಂತ ಟೈಮ್‌ಟೇಬಲ್ ಹಾಕಿಕೊಟ್ಟಿದ್ದ, ಥೇಟ್ ಸ್ಕೂಲ್ ಪೀರಿಯಡ್ ಥರ. ನಾವು ಹೋಗಿ ನಿಂತ್ರೆ ಮೇಲೆ ಗಾಳಿ, ಗುಡುಗು, ಕೇಬಲ್ ಕಾರ್ ನಿಲ್ಲಿಸಿದಾರೆ. ಅವರು ಮಾಡಿದ್ದು ಸರೀನೇ, ತಂತಿ ಮೇಲೆ ನೇತಾಡೋ ಡಬ್ಬಿಲಿ ಮಿಂಚು ನೋಡ್ಕೊಂಡು ಕೂರೋ ಆಸೆ ಯಾರಿಗಿದೆ. ತಪ್ಪು ನಮ್ದು, ಸೆಪ್ಟೆಂಬರ್‌ನಲ್ಲಿ ಹೋಗಿದ್ದು. ಅಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ತನಕ ಮಳೆ ಜೋರು, ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆ ಟೈಮು, ಇದು ನಮಗೂ ಗೊತ್ತಿತ್ತು, ಆದ್ರೆ ಟಿಕೆಟ್ ಅಗ್ಗ ಸಿಕ್ತು ಅಂತ ಹೊರಟಿದ್ವಿ. ಎರಡು ಗಂಟೆ ಕಾದು ವಾಪಸ್ ಬಂದ್ವಿ. ಏಜೆಂಟ್‌ಗೆ ಫೋನ್ ಮಾಡಿದ್ರೆ "ಮೇಡಂ ನಾಳೆ ಐಲ್ಯಾಂಡ್ ಹಾಪಿಂಗ್ ಇದೆಯಲ್ಲ, ಬ್ರಿಡ್ಜ್ ಬಿಟ್ಬಿಡಿ" ಅಂದ. ಯಜಮಾನ್ರು ಸಿವಿಲ್ ಎಂಜಿನಿಯರು, ಸೇತುವೆ ನೋಡ್ದೆ ಬರಲ್ಲ ಅಂತ ಹಠ ಹಿಡಿದು ಐಲ್ಯಾಂಡ್ ಹಾಪಿಂಗ್ ಕ್ಯಾನ್ಸಲ್ ಮಾಡಿಸಿದ್ರು, ಅದಕ್ಕೆ ಅರ್ಧ ದಿನ ಫೋನಲ್ಲೇ ಹೋಯ್ತು.

ಆದ್ರಿಂದ ಈ ರಿವ್ಯೂಲಿ ನಾನು ಹೇಳೋದರಲ್ಲಿ ಅರ್ಧಕ್ಕರ್ಧ ಇಷ್ಟೇ: ಸ್ಕೈಬ್ರಿಡ್ಜ್‌ನ ಮೂರು ಗಂಟೆಯ ಐಟಮ್ ಮಾಡ್ಕೊಂಡು ಹೋಗ್ಬೇಡಿ. ಲಂಗ್ಕಾವಿಲಿ ಇಳಿದ ಮಾರನೇ ದಿನವೇ ಇಟ್ಕೊಳ್ಳಿ, ಕೈ ಕೊಟ್ರೆ ಇನ್ನೊಂದು ದಿನ ಇರ್ಲಿ. ಟಿಕೆಟ್ ನೀವು ತಗೋಬಹುದು, ಆ ಬೆಟ್ಟ ಮೋಡ ಸರಿಸಬೇಕಲ್ಲ.

ಎರಡನೇ ದಿನ ಬೆಳಿಗ್ಗೆ ಬೇಗ ಹೋದ್ವಿ. ಕೆಳಗಡೆ ಓರಿಯೆಂಟಲ್ ವಿಲೇಜ್ ಅಂತ ಇದೆ, ಅಂಗಡಿ, ಕೊಳ, ತಿಂಡಿ, ಥ್ರೀಡಿ ಶೋಗಳು, ಮಕ್ಕಳಿದ್ರೆ ಕಾಲ ಕಳೀಬಹುದು, ಅದರ ಬಗ್ಗೆ ಇನ್ನೇನೂ ಇಲ್ಲ. ಕೇಬಲ್ ಕಾರ್‌ಗೆ ಒಂದು ಟಿಕೆಟ್, ಮೇಲೆ ಸೇತುವೆಗೆ ಬೇರೆ ಟಿಕೆಟ್, ಮೇಲಿನ ಸ್ಟೇಷನ್‌ನಿಂದ ಸೇತುವೆಗೆ ಓರೆಯಾಗಿ ಇಳಿಯೋ ಸ್ಕೈಗ್ಲೈಡ್ ಅನ್ನೋ ಲಿಫ್ಟ್‌ಗೆ ಇನ್ನೊಂದು ಟಿಕೆಟ್. ಕೇಬಲ್ ಕಾರ್ ಟಿಕೆಟ್ ಇದ್ರೆ ಸೇತುವೆ ಅದರಲ್ಲೇ ಬಂತು ಅಂದ್ಕೊಂಡು ಹೋಗಿ ಮೇಲೆ ನಿಂತು ಲೆಕ್ಕ ಹಾಕೋದು ಬೇಡ, ಅದಕ್ಕೆ ಹೇಳಿದ್ದು.

ಕೇಬಲ್ ಕಾರ್ ಬಗ್ಗೆ ಯಾರೂ ನನಗೆ ಸರಿಯಾಗಿ ಹೇಳಿರ್ಲಿಲ್ಲ. ಎಲ್ಲರೂ ಸೇತುವೆ ಸೇತುವೆ ಅಂತಾರೆ, ನಿಜವಾಗ್ಲೂ ಹೆದರಿಕೆ ಆಗೋದು ಇಲ್ಲೇ. ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ, ಆರು ಜನ ಕೂರೋ ಡಬ್ಬಿ, ಒಂದು ಕಡೆ 42 ಡಿಗ್ರಿ ಏರು, ಅಂದ್ರೆ ಏಣಿ ಹಾಕಿದ ಹಾಗೆ ಮೇಲಕ್ಕೆ ಎಳ್ಕೊಂಡು ಹೋಗುತ್ತೆ. ಒಂದು ಕಂಬ ಬಿಟ್ರೆ ಇನ್ನೊಂದು ಕಂಬ ಸಿಗೋ ತನಕ ಸುಮಾರು 950 ಮೀಟರ್ ಬರೀ ತಂತಿ. ಕೆಳಗೆ ಕಾಡು. ನಾನು ಮಗಳ ಕೈ ಹಿಡ್ಕೊಂಡು ಅವಳಿಗೆ ಧೈರ್ಯ ಹೇಳ್ತಿದೀನಿ ಅನ್ನೋ ಥರ ಕೂತಿದ್ದೆ. ಅತ್ತೆ ಮಾತ್ರ ಮೂಗು ಗಾಜಿಗೆ ಒತ್ತಿ, "ಅದು ಬೈನೆ ಮರ ಇದ್ದಂಗೆ ಇತ್ತಲ್ಲ, ಇದೆಂತ ಮರ ಮಾರಾಯ್ತಿ, ನಮ್ಮ ಕಾಡೇ ಕಂಡಂಗೆ ಆತು" ಅಂತ ಕಾಮೆಂಟ್ರಿ. ಬಲಗಡೆಗೋ ಎಡಗಡೆಗೋ ತೆಲಗ ತುಜುಹ್ ಅನ್ನೋ ಏಳು ಬಾವಿಗಳ ಜಲಪಾತ ಬಂಡೆ ಮೇಲೆ ಬಿಳೀ ಗೆರೆ ಎಳೆದ ಹಾಗೆ ಕಾಣ್ತಂತೆ, ನಾನು ನೋಡಿಲ್ಲ, ನಾನು ಆ ಹೊತ್ತಿಗೆ ನನ್ನ ಚಪ್ಪಲಿ ನೋಡ್ತಿದ್ದೆ.

ನಡುವೆ ಒಂದು ಸ್ಟೇಷನ್, ಆಮೇಲೆ 708 ಮೀಟರ್‌ನಲ್ಲಿ ಕೊನೇ ಸ್ಟೇಷನ್. ಸೇತುವೆ ಇರೋದು ಅದಕ್ಕಿಂತ ಕೆಳಗೆ, ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್. ಹಂಗಾಗಿ ಹತ್ತಿ ಹೋಗಿ ಮತ್ತೆ ಇಳೀಬೇಕು. ಇನ್ನೊಂದು, ಈ 660ರ ವಿಚಾರದಲ್ಲಿ ಎಲ್ಲಾ ಟ್ರಾವೆಲ್ ವಿಡಿಯೋದವರೂ ಮೋಸ ಮಾಡ್ತಾರೆ ಅಂತಾನೇ ಹೇಳ್ಬೇಕು. "660 ಮೀಟರ್ ಮೇಲೆ ಗಾಳಿಯಲ್ಲಿ ನಡೀತಿದೀವಿ ಗಾಯ್ಸ್" ಅಂತ ಕಿರಿಚ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಸೇತುವೆ ಕೆಳಗೆ ನೆಲ ಇರೋದು ನೂರು ಮೀಟರ್ ಆಸುಪಾಸಿನಲ್ಲಿ. ನೂರು ಮೀಟರ್ ಏನು ಕಮ್ಮಿ ಅಲ್ಲ ಬಿಡಿ, ಮೂವತ್ತು ಮಹಡಿ, ಆದ್ರೆ ಸುಳ್ಳು ಯಾಕೆ. ಸಮುದ್ರ ಮಟ್ಟದ ಲೆಕ್ಕವೇ ತಗೊಂಡ್ರೆ ನಂದಿ ಬೆಟ್ಟ ಇದರ ಎರಡರಷ್ಟಕ್ಕಿಂತ ಎತ್ತರ. ಅತ್ತೆಗೆ ನಮ್ಮೋರು ಇದು ಹೇಳಿದಾಗ "ಹಂಗಾರೆ ನಮ್ಮ ಆಗುಂಬೆಯಷ್ಟೇ" ಅಂದ್ರು. ಹೌದು, ಹೆಚ್ಚುಕಮ್ಮಿ ಅಷ್ಟೇ. ಆಗುಂಬೆಲೂ ಆಕಾಶ ತಿಳಿ ಇದ್ರೆ ಸಮುದ್ರ ಕಾಣುತ್ತೆ, ಆದ್ರೆ ಅಲ್ಲಿ ಸಮುದ್ರ ದೂರದಲ್ಲಿ ಒಂದು ಹೊಳೆಯೋ ಗೆರೆ, ಇಲ್ಲಿ ಬೆಟ್ಟದ ಬುಡಕ್ಕೇ ಬಂದು ಕೂತಿದೆ, ಅದೇ ವ್ಯತ್ಯಾಸ.

ಸ್ಕೈಗ್ಲೈಡ್‌ಗೆ ಕ್ಯೂ ಉದ್ದ ಇತ್ತು. ಅತ್ತೆ "ಇಳಿಯಕ್ಕೂ ಗಾಡಿ ಎಂತಕ್ಕೆ" ಅಂತ ಮೆಟ್ಟಿಲ ಕಡೆ ಹೊರಟೇಬಿಟ್ರು. ಮೆಟ್ಟಿಲು ಕಡಿದು, ಮಳೆ ಬಂದಿದ್ರಿಂದ ಒದ್ದೆ, ಹತ್ತು ಹದಿನೈದು ನಿಮಿಷದ ಇಳಿಜಾರು. ಇಳಿಯೋದು ಪರವಾಗಿಲ್ಲ, ವಾಪಸ್ ಹತ್ತೋವಾಗ ಉಸಿರು ಕಟ್ಟುತ್ತೆ. ಮಂಡಿ ನೋವಿರೋರು ಲಿಫ್ಟೇ ತಗೊಳ್ಳಿ, ದುಡ್ಡಿನ ಮುಖ ನೋಡ್ಬೇಡಿ. ಗ್ರಿಪ್ ಇರೋ ಶೂ ಹಾಕ್ಕೊಳ್ಳಿ, ನನ್ನ ಥರ ಬೀಚ್ ಚಪ್ಪಲಿಲಿ ಹೋಗ್ಬೇಡಿ.

ಇಳಿದು ನೋಡಿದ್ರೆ ಸೇತುವೆನೇ ಇಲ್ಲ.

ಅಂದ್ರೆ ಇದೆ, ಮೋಡದೊಳಗಿದೆ. ನಮ್ಮ ಕಾಲ ಬುಡದಿಂದ ಒಂದು ಇಪ್ಪತ್ತು ಹೆಜ್ಜೆ ಕಾಣುತ್ತೆ, ಆಮೇಲೆ ಬಿಳಿ. ಅಲ್ಲಿಂದ ಜನ ಒಬ್ಬೊಬ್ಬರೇ ಹೊರಗೆ ಬರ್ತಿದ್ರು, ಸೀರಿಯಲ್‌ನಲ್ಲಿ ದೇವರು ಪ್ರತ್ಯಕ್ಷ ಆಗೋ ಥರ. ನನಗಂತೂ ಇದಕ್ಕಿಂತ ಒಳ್ಳೇದು ಇನ್ನೇನು ಬೇಕು, ಕೆಳಗೆ ಏನೂ ಕಾಣಲ್ಲ ಅಂದ್ಮೇಲೆ ಹೆದರಿಕೆ ಎಲ್ಲಿಂದ, ಧೈರ್ಯವಾಗಿ ಹೊರಟೆ. ಅಗಲ ಒಂದೂಮುಕ್ಕಾಲು ಮೀಟರ್ ಇರ್ಬಹುದು, ಯಜಮಾನ್ರು 1.8 ಅಂತ ತಿದ್ದಿದ್ರು, ಎದುರು ಬರೋರಿಗೆ ದಾರಿ ಕೊಡಕ್ಕೆ ಸ್ವಲ್ಪ ಓರೆ ಆಗ್ಬೇಕು. ಎರಡೂ ಕಡೆ ಸ್ಟೀಲ್ ಕಂಬಿ, ಅದಕ್ಕೆ ಜಾಲರಿ, ಕಾಲ ಹತ್ರ ಮರದ ಪಟ್ಟಿ. ಅಲ್ಲಲ್ಲಿ ನೆಲಕ್ಕೆ ಗಾಜು ಕೂರಿಸಿದಾರೆ, ಮಗಳು ಬೇಕಂತ ಅದರ ಮೇಲೇ ನಿಂತ್ಕೊಳ್ಳೋದು. ಗಾಳಿ ಬೀಸಿದ್ರೆ, ಇಲ್ಲಾ ಯಾರಾದ್ರೂ ದಪದಪ ನಡೆದ್ರೆ, ಪಾದದ ಕೆಳಗೆ ಸಣ್ಣಗೆ ಅದುರುತ್ತೆ. ಸಣ್ಣಗೆ ಅಂತ ಈಗ ಮನೇಲಿ ಕೂತು ಬರೀತಿದೀನಿ.

ನಾನು ಕಂಬಿ ಹಿಡ್ಕೊಂಡು ಅಂಗುಲ ಅಂಗುಲ ಸರೀತಿದ್ರೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮನ್ನೆಲ್ಲ ದಾಟಿ ಹೋದ್ರು. "ಎಂತ ಮಾರಾಯ್ತಿ, ಇಷ್ಟಕ್ಕೆಲ್ಲ ಹೆದ್ರುದಾ? ಹಿಡ್ಕಣಕ್ಕೆ ಎರಡೂ ಕಡೆ ಕಂಬಿ ಇತ್ತು, ಕೆಳಗೆ ನೀರೂ ಹರೀತಿಲ್ಲ." ಅವರು ಶಾಲೆಗೆ ಹೋಗ್ತಿದ್ದಿದ್ದು ಹಳ್ಳದ ಮೇಲೆ ಅಡಿಕೆ ಮರ ಎರಡು ಅಡ್ಡ ಹಾಕಿದ ಕಾಲುಸಂಕದ ಮೇಲೆ, ಮಳೆಗಾಲದಲ್ಲಿ, ಕಂಬಳಿಕೊಪ್ಪೆ ಹಾಕ್ಕೊಂಡು, ಕೆಳಗೆ ಕೆಂಪು ನೀರು ಭೋರ್ ಅಂತ. ಹಿಡಿಯಕ್ಕೆ ಒಂದು ಕಡೆ ಬಳ್ಳಿ, ಅದೂ ಇದ್ರೆ ಇತ್ತು. ಈಗಲೂ ಪ್ರತೀ ಮಳೆಗಾಲ ಪೇಪರ್‌ನಲ್ಲಿ ಬರುತ್ತಲ್ಲ, ಮಕ್ಕಳು ಜೀವ ಕೈಲಿ ಹಿಡಿದು ಸಂಕ ದಾಟೋ ಫೋಟೋ. ಅಂಥವರಿಗೆ ಈ ಸೇತುವೆ ಮೇಲಿನ ನನ್ನ ಅವಸ್ಥೆ ಕಾಮಿಡಿ ಅನ್ಸಿದ್ರೆ ತಪ್ಪೇನಿಲ್ಲ.

ಆದ್ರೆ ಅರ್ಧ ದಾರಿಲಿ ನಿಂತು ಅವರು ಕೇಳಿದ ಒಂದು ಪ್ರಶ್ನೆಗೆ ನಮ್ಮ ಎಂಜಿನಿಯರ್ ಸಾಹೇಬ್ರಿಗೂ ತಕ್ಷಣ ಉತ್ತರ ಹೊಳೀಲಿಲ್ಲ. "ಅಲ್ಲ ಮಗಾ, ಈ ಸಂಕ ದಾಟಿದ್ರೆ ಆಚೆಗೆ ಯಾರ ಮನೆ ಸಿಗ್ತು?"

ಯಾರ ಮನೇನೂ ಸಿಗಲ್ಲ. ಆ ಬೆಟ್ಟದ ತುದಿಯಿಂದ ಪಕ್ಕದ ತುದಿಗೆ, ಅಲ್ಲಿ ಒಂದು ತ್ರಿಕೋನದ ಕಟ್ಟೆ, ಕೂರಕ್ಕೆ ಜಾಗ, ಅಷ್ಟೇ, ಮತ್ತೆ ತಿರುಗಿ ಬರೋದು. ನಮ್ಮ ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದ್ರಲ್ಲ, ಆಮೇಲೆ ನೂರಕ್ಕೂ ಜಾಸ್ತಿ ಕಟ್ಟಿ 2017ರಲ್ಲಿ ಪದ್ಮಶ್ರೀನೂ ಬಂತು, ಆ ಸೇತುವೆಗಳೆಲ್ಲ ಆಚೆ ದಡದಲ್ಲಿರೋ ಊರಿಗಾಗಿ ಕಟ್ಟಿದ್ದು. ಇದು ಯಾವ ಊರಿಗೂ ಅಲ್ಲ, ನಡುವಿನಲ್ಲಿ ನಿಂತು ನೋಡಕ್ಕೇ ಅಂತ ಕಟ್ಟಿದ್ದು. ಅತ್ತೆಗೆ ಇದು ಹೇಳಿದಾಗ "ಇಷ್ಟು ದುಡ್ಡು ಹಾಕಿ?" ಅಂತ ಒಂದು ಸಲ ಕೆಳಗೆ ನೋಡಿದ್ರು, ಕೆಳಗೆ ಬಿಳಿ ಬಿಟ್ರೆ ಏನೂ ಇಲ್ಲ. ನೋಡಕ್ಕೇ ಅಂತ ಕಟ್ಟಿದ ಸೇತುವೆ ಮೇಲೆ ನಿಂತು ಏನೂ ಕಾಣ್ದೇ ಇರೋದಕ್ಕೆ ಏನು ಹೇಳೋದು. ಆಚೆ ಕಟ್ಟೆ ಮೇಲೆ ಹೋಗಿ ಕೂತ್ವಿ. ಮನೆಯಿಂದ ತಂದಿದ್ದ ಕೋಡುಬಳೆ ಖಾಲಿ ಆಯ್ತು.

ಅರ್ಧ ಗಂಟೆ ಆದ್ಮೇಲೆ ಮೋಡ ಹರೀತು. ನಿಧಾನಕ್ಕೆ ಅಲ್ಲ, ಯಾರೋ ಹೊದಿಕೆ ಎಳೆದ ಹಾಗೆ. ಆಗ ಮೊದಲು ಕಂಡಿದ್ದು ಸಮುದ್ರ ಅಲ್ಲ, ನಾವು ನಡ್ಕೊಂಡು ಬಂದಿದ್ದ ಸೇತುವೆ. ಅದು ಬಾಗಿದೆ, ಬಿಲ್ಲಿನ ಥರ, ಫೋಟೋದಲ್ಲಿ ನೋಡಿರ್ತೀವಿ, ಆದ್ರೂ ಆ ಬಾಗು ಎದುರಿಗೆ ಕಂಡಾಗ ನಾನು ಇದರ ಮೇಲಾ ಬಂದಿದ್ದು ಅಂತ ಕೈ ಬೆವರ್ತು. 125 ಮೀಟರ್ ಉದ್ದದ ಸೇತುವೆ, ಹಿಡ್ಕೊಂಡಿರೋದು ಒಂದೇ ಒಂದು ಕಂಬ, ಎಂಬತ್ತು ಚಿಲ್ರೆ ಮೀಟರ್ ಎತ್ತರದ್ದು, ಅದೂ ನೆಟ್ಟಗೆ ನಿಂತಿಲ್ಲ, ವಾಲಿದೆ. ಅದರ ತುದಿಯಿಂದ ಎಂಟು ಕೇಬಲ್ ಬಂದು ಸೇತುವೆನ ಎತ್ತಿ ಹಿಡಿದಿವೆ.

ಯಾಕೆ ವಾಲಿಸಿದಾರೆ ಅಂತ ನಮ್ಮೋರು ಹೇಳಿದ್ದು ನನಗೂ ಅರ್ಥ ಆಗೋ ಥರ ಇತ್ತು, ಅದಕ್ಕೆ ಬರೀತಿದೀನಿ. ನೆಟ್ಟಗಿರೋ ಕೋಲನ್ನ ದಾರ ಕಟ್ಟಿ ತೂಗು ಹಾಕ್ಬೇಕಾದ್ರೆ ಸರಿಯಾಗಿ ಮಧ್ಯಕ್ಕೆ ಮೇಲಿಂದ ಹಿಡಿದ್ರೆ ಆಯ್ತು. ಬಳೆ ಚೂರನ್ನ ಹಂಗೆ ಹಿಡಿದ್ರೆ ಮಗುಚ್ಕೊಳ್ಳುತ್ತೆ, ಯಾಕಂದ್ರೆ ಅದರ ತೂಕದ ನಡು ಇರೋದು ಬಳೆ ಮೇಲಲ್ಲ, ಬಾಗಿನ ಒಳಗಡೆ ಖಾಲಿ ಜಾಗದಲ್ಲಿ. ಹಂಗಾಗಿ ಆ ಖಾಲಿ ಜಾಗದ ಮೇಲಕ್ಕೇ ಕಂಬದ ತುದಿ ಬರೋ ಹಾಗೆ ಕಂಬಾನೇ ವಾಲಿಸಿ, ತೊಟ್ಟಿಲ ಸರಪಳಿ ಥರ ಅಲ್ಲಿಂದ ಕೇಬಲ್ ಇಳಿಸಿದಾರೆ. ರಸ್ತೆ ಇಲ್ಲದ ಬೆಟ್ಟದ ತುದಿ, ಸಾಮಾನೆಲ್ಲ ಹೆಲಿಕಾಪ್ಟರ್‌ನಲ್ಲಿ ತುಂಡು ತುಂಡಾಗಿ ಎತ್ಕೊಂಡು ಬಂದು ಮೇಲೇ ಜೋಡಿಸಿದ್ದು. 2005ರ ಹೊತ್ತಿಗೆ ಜನ ಓಡಾಡಕ್ಕೆ ಶುರು ಮಾಡಿದ್ರು, 2012ರ ಜುಲೈನಲ್ಲಿ ರಿಪೇರಿಗೆ ಅಂತ ಮುಚ್ಚಿ ಎರಡೂವರೆ ವರ್ಷ ಬೀಗ, 2015ರ ಫೆಬ್ರವರಿಯಿಂದ ಮತ್ತೆ ಬಿಟ್ರು. ಒಂದು ಸಲಕ್ಕೆ 250 ಜನರ ಭಾರ ತಡೆಯೋ ಹಾಗೆ ಕಟ್ಟಿದ್ದಂತೆ. ಇದನ್ನೆಲ್ಲ ಹತ್ತೋ ಮುಂಚೆ ಹೇಳಿದ್ರೆ ನಾನು ಅಷ್ಟು ಹೆದರ್ತಿರ್ಲಿಲ್ಲ ಅಂದೆ. ಹತ್ತೋ ಮುಂಚೆ ನೀನು ಕೇಳಿಸ್ಕೊಳ್ಳೋ ಸ್ಥಿತಿಲಿ ಇರ್ಲಿಲ್ಲ ಅಂದ್ರು.

ವಾಪಸ್ ಬರೋವಾಗ ನಿಧಾನಕ್ಕೆ ಬಂದ್ವಿ, ಈ ಸಲ ಕಣ್ಣು ಬಿಟ್ಕೊಂಡು. ಬಾಗಿರೋದ್ರ ಮಜಾ ಆಗ ಗೊತ್ತಾಯ್ತು. ನೆಟ್ಟಗಿನ ಸೇತುವೆಲಿ ಆ ಕಡೆ ತುದಿ ಕಾಣ್ತಿರುತ್ತೆ, ನಾವು ಅಲ್ಲಿಗೆ ಮುಟ್ಟಿದ್ರೆ ಸಾಕು ಅಂತ ನಡೀತೀವಿ. ಇಲ್ಲಿ ಹತ್ತು ಹೆಜ್ಜೆಗೆ ಎದುರಿಗಿರೋದು ಬದಲಾಗುತ್ತೆ, ಒಂದ್ಸಲ ಕಲ್ಲಿನ ಗೋಡೆ, ಆಮೇಲೆ ಕಾಡು ತುಂಬಿದ ಕಣಿವೆ, ಆಮೇಲೆ ಇದ್ದಕ್ಕಿದ್ದಂತೆ ಅಂಡಮಾನ್ ಸಮುದ್ರ, ಅದರ ಮೇಲೆ ದೋಣಿಗಳು ಅಕ್ಕಿಕಾಳು ಚೆಲ್ಲಿದ ಹಾಗೆ, ಉತ್ತರಕ್ಕೆ ದೂರದಲ್ಲಿ ಥಾಯ್ಲೆಂಡಿನ ತರುತಾವ್ ದ್ವೀಪ. ಕೆಳಗಡೆ, ಗಮನಿಸಿ, ನಮಗಿಂತ ಕೆಳಗಡೆ ಒಂದು ಗರುಡ ಸುತ್ತು ಹೊಡೀತಿತ್ತು, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಲಂಗ್ಕಾವಿ ಅನ್ನೋ ಹೆಸರೇ ಆ ಹಕ್ಕಿಯಿಂದ ಬಂದಿದ್ದು ಅಂತಾರೆ, ಮಲಯ್ ಭಾಷೇಲಿ ಹೆಲಾಂಗ್ ಅಂದ್ರೆ ಹದ್ದು. ಅತ್ತೆ ಕೆನ್ನೆ ಕೆನ್ನೆ ಬಡ್ಕೊಂಡ್ರು. ಗರುಡನ ಬೆನ್ನು ನೋಡಿದ್ದು ಜನ್ಮದಲ್ಲಿ ಇದೇ ಮೊದಲು ಅಂತ. ನನಗೂ.

ಈ ಬೆಟ್ಟದ ಹೆಸರು ಮಾತ್ ಚಿಂಚಾಂಗ್. ಕಲ್ಲು 50 ಕೋಟಿ ವರ್ಷಕ್ಕಿಂತ ಹಳೇದು, ಮಲೇಷ್ಯಾದಲ್ಲೇ ಅತೀ ಹಳೇ ಕಲ್ಲು, 2007ರಲ್ಲಿ ಲಂಗ್ಕಾವಿ ಜಿಯೋಪಾರ್ಕ್ (ಕಲ್ಲು, ಭೂರಚನೆಗೆ ಯುನೆಸ್ಕೋ ಮಾನ್ಯತೆ ಸಿಕ್ಕಿರೋ ಜಾಗ) ಆಗಿದ್ದಕ್ಕೆ ಇದೂ ಒಂದು ಕಾರಣ. ನನಗೆ ಅದಕ್ಕಿಂತ ಇಷ್ಟ ಆಗಿದ್ದು ಇದರ ಕಥೆ. ಮಾತ್ ಚಿಂಚಾಂಗ್, ಮಾತ್ ರಾಯ ಅಂತ ಇಬ್ಬರು ದೈತ್ಯರು, ಬೀಗರಾಗೋರು, ಮಕ್ಕಳ ಸಂಬಂಧದ ಊಟದಲ್ಲಿ ಜಗಳ ಹತ್ಕೊಂಡು ಪಾತ್ರೆ ಪಗಡ ಎಸೆದಾಡಿದ್ರಂತೆ. ಮಡಿಕೆ ಒಡೆದ ಜಾಗಕ್ಕೆ ಬೆಲಾಂಗ ಪೆಚಾಹ್ ಅಂತ ಹೆಸರು, ಸಾರು ಚೆಲ್ಲಿದ ಜಾಗ ಕುವಾಹ್, ಅಂದ್ರೆ ಸಾರು ಅಂತಾನೇ ಅರ್ಥ, ಈಗ ಅದೇ ಆ ದ್ವೀಪದ ಮುಖ್ಯ ಪಟ್ಟಣ. ಬಿಸಿನೀರು ಚೆಲ್ಲಿದ್ದು ಆಯೆರ್ ಹಂಗಾತ್. ಇಬ್ಬರೂ ಶಾಪ ತಗೊಂಡು ಬೆಟ್ಟ ಆದ್ರು, ಜಗಳ ಬಿಡಿಸಕ್ಕೆ ಹೋದ ಪಾಪದವನೂ ನಡುವೆ ಒಂದು ಗುಡ್ಡ ಆಗಿ ನಿಂತಿದಾನೆ. ಬೀಗರ ಊಟದಲ್ಲಿ ಜಗಳ ಆಗೋದು ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೆ.

ಊಟದ ವಿಷ್ಯ ಬಂತಲ್ಲ, ಸಸ್ಯಾಹಾರಿಗಳು ಒಂದು ಗಮನಿಸಿ. ನಾಸಿ ಲೆಮಾಕ್ ಅಂತ ತೆಂಗಿನಹಾಲಿನ ಅನ್ನ ಎಲ್ಲಾ ಕಡೆ ಸಿಗುತ್ತೆ, ನೋಡಕ್ಕೆ ಅನ್ನ, ಸೌತೆಕಾಯಿ, ಕಡ್ಲೇಬೀಜ, ಒಳ್ಳೇದು ಅನ್ಸುತ್ತೆ, ಆದ್ರೆ ಜೊತೆಗೆ ಒಣಮೀನು ಇರುತ್ತೆ, ಆ ಖಾರದ ಸಾಂಬಲ್‌ನಲ್ಲೂ ಸಾಮಾನ್ಯವಾಗಿ ಮೀನಿನ ಅಂಶ ಇರುತ್ತೆ. ಅತ್ತೆ ತಟ್ಟೆ ಮುಂದೆ ತಗೊಂಡು ಮೂಸಿ ನೋಡಿ ತಳ್ಳಿದ್ರು. ರೋಟಿ ಚನಾಯ್ ಕೇಳಿ, ನಮ್ಮ ಪರೋಟಾದ ತಮ್ಮ ಅದು, ಬೇಳೆ ಸಾರು ಮಾತ್ರ ಹಾಕಿ ಅಂತ ಮೊದಲೇ ಹೇಳ್ಬೇಕು, ಇಲ್ಲಾಂದ್ರೆ ಮೀನಿನ ಗ್ರೇವಿ ಸುರೀತಾರೆ. ತೆಹ್ ತಾರಿಕ್ ಅಂತ ಎತ್ತಿ ಸುರಿದು ನೊರೆ ಬರಿಸೋ ಚಹಾ ಸಿಗುತ್ತೆ, ಸಿಹಿ ಜಾಸ್ತಿ, ಆದ್ರೆ ಬೆಟ್ಟದಿಂದ ಇಳಿದು ಬಂದು ಕುಡಿದಾಗ ನಡುಗ್ತಿದ್ದ ಕಾಲು ನಿಂತ್ವು.

ಇಷ್ಟ ಆಗದ್ದೂ ಹೇಳ್ಬೇಕಲ್ಲ. ಮೋಡ ಸರಿದ ತಕ್ಷಣ ಕಾಯ್ತಿದ್ದ ಜನ ಎಲ್ಲಾ ಒಟ್ಟಿಗೆ ನುಗ್ಗಿದ್ರು, 1.8 ಮೀಟರ್ ಅಗಲದಲ್ಲಿ ಸೆಲ್ಫಿ ಸ್ಟಿಕ್ ಇಟ್ಕೊಂಡು ನಿಂತ್ರೆ ದಾಟೋದು ಹೆಂಗೆ. ಒಬ್ಬ ಪುಣ್ಯಾತ್ಮ ರೀಲ್ ಮಾಡಕ್ಕೆ ಬೇಕಂತ ಕುಣಿದ, ಇಡೀ ಸೇತುವೆ ನನ್ನ ಹೊಟ್ಟೆ ಸಮೇತ ಅದುರ್ತು. ಸ್ಟಾಫ್ ಬಂದು ಬೈದ್ರು, ಅವರಿಗೆ ನನ್ನ ಲೆಕ್ಕದಲ್ಲಿ ಒಂದು ಸ್ಟಾರ್ ಎಕ್ಸ್ಟ್ರಾ. ಲಂಗ್ಕಾವಿ ಇರೋ ಕೆಡಾ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ ಶನಿವಾರ, ಅದನ್ನ ನೋಡ್ಕೊಂಡು ಬೇರೆ ದಿನ, ಬೆಳಿಗ್ಗೆ ಮೊದಲ ಟ್ರಿಪ್‌ಗೇ ಹೋಗಿ. ಮತ್ತೆ ನಾಲ್ಕು ಜನಕ್ಕೆ ಮೂರು ಮೂರು ಟಿಕೆಟ್ ಅಂದ್ರೆ ರೂಪಾಯಿ ಲೆಕ್ಕದಲ್ಲಿ ಜೇಬಿಗೆ ಭಾರಾನೇ.

ಥ್ರಿಲ್ ಬೇಕು ಅಂತ ಹೋಗೋ ಹುಡುಗರಿಗೆ ಒಂದು ಮಾತು, ಅದು ಕೇಬಲ್ ಕಾರ್‌ನಲ್ಲೇ ಮುಗಿದುಹೋಗುತ್ತೆ. ಸೇತುವೆ ಮೇಲೆ ಐದು ನಿಮಿಷದಲ್ಲಿ ಓಡಿ ಬಂದ್ರೆ "ಇಷ್ಟೇನಾ" ಅನ್ಸೋದು ಗ್ಯಾರಂಟಿ. ಕಡೇ ಪಕ್ಷ ಒಂದು ಗಂಟೆ ಮೇಲೆ ಕೂರಿ. ನಾನು ಐದಕ್ಕೆ ನಾಲ್ಕು ಕೊಡ್ತೀನಿ. ಯಜಮಾನ್ರು ಆ ಕಂಬಕ್ಕೇ ಐದು ಅಂತಾರೆ. ಅತ್ತೆ ಸ್ಟಾರ್ ಗೀರ್ ಕೊಡಲ್ಲ, ಊರಿಗೆ ಫೋನ್ ಮಾಡಿ ತಂಗಿ ಹತ್ರ ಗರುಡನ ಬೆನ್ನಿನ ವಿಷ್ಯ ಮೂರು ಸಲ ಹೇಳಿದ್ರು, ಸೇತುವೆ ವಿಷ್ಯ ಒಂದು ಸಲ.

ಮಗಳ ಟೋಪಿ ಹೋಯ್ತು. ಆಚೆ ಕಟ್ಟೆ ಹತ್ರ ಒಂದೇ ಗಾಳಿಗೆ ಹಾರಿ, ಗಿರಗಿರ ತಿರುಗ್ತಾ ಆ ಕಾಡಿಗೆ ಇಳಿದಿದ್ದು ತುಂಬಾ ಹೊತ್ತು ಕಾಣ್ತಿತ್ತು. ಟೋಪಿ ಹಾಕ್ಕೊಂಡು ಹೋಗೋರು ಗದ್ದದ ಕೆಳಗೆ ದಾರ ಕಟ್ಕೊಳ್ಳಿ.